ನೆಲ ತಾಗಿಸಿ ಕೊಡು

ಕಲ್ಲಪ್ಪನ ಕೈಯಿಂದ ಹೊರಟ ಚೆಂಡು ಒಂದು ಸಲ ನೆಲಕ್ಕೆ ಬಡಿಯಬೇಕು. ಬಡಿದು ಎದ್ದ ಮೇಲೆ ಉಳಿದವರು ಹಿಡಿಯಬಹುದು. ನೇರವಾಗಿ ಹಿಡಿದರೆ ಮೈಲಿಗೆ. ನೆಲ ತಾಗಿದರೆ ಇಲ್ಲ.

ಇದು ಭದ್ರಾವತಿಯ ಹುಡುಗರ ಬ್ಯಾಸ್ಕೆಟ್‌ಬಾಲ್ ತಂಡದ ಕಟ್ಟಳೆ. ಯಾವ ಪುಸ್ತಕದಲ್ಲೂ ಇರಲಿಲ್ಲ. ಇಂಥದ್ದನ್ನೆಲ್ಲ ನಮ್ಮವರು ಬರೆದಿಡದೆಯೇ ಚೆನ್ನಾಗಿ ನೆನಪಿಡುತ್ತಾರೆ.

ಕಟ್ಟಳೆ ಮಾಡಿದವರು ಕೆಟ್ಟವರೇನಲ್ಲ. ಸಂಕಟ ಇರುವುದೇ ಅಲ್ಲಿ. ಡ್ರಿಲ್ ಮೇಷ್ಟ್ರು ಯಜ್ಞನಾರಾಯಣ ಖಾದಿ ಉಡುವವರು. ಮದರಾಸಿನಲ್ಲಿ ಒಂದು ವರ್ಷ ವ್ಯಾಯಾಮ ಶಿಕ್ಷಣ ಕಲಿತು ಬಂದವರು. ಸಾವಿರದ ಒಂಬೈನೂರ ಮೂವತ್ತಾರರಲ್ಲಿ ಅವರು ಕಬ್ಬಿಣದ ಕಾರ್ಖಾನೆಯ ಮನೆಸಾಲಿನ ಹಿಂದಿನ ಪಾಳು ಜಾಗವನ್ನು ಹದ ಮಾಡಿಸಿದರು. ಎರಡು ಕಂಬ ನೆಡಿಸಿದರು. ಕಮ್ಮಾರನಿಂದ ಎರಡು ಕಬ್ಬಿಣದ ಬಳೆ ಬಡಿಸಿ ಮೇಲೆ ಹಾಕಿಸಿದರು. ಆ ಜಾಗದ ಮುಳ್ಳು ಕಡಿದು, ಕಲ್ಲು ಆರಿಸಿ, ಕುಲುಮೆಯ ಕಿಟ್ಟ ಹರಡಿ, ರೋಲರ್ ಎಳೆದವರು ಕಲ್ಲಪ್ಪನ ಕೇರಿಯವರು. ಮಟ್ಟ ಆದ ಮೇಲೆ ಸುತ್ತ ಸುಣ್ಣದ ಗೆರೆ ಬಿತ್ತು. ಗೆರೆಯ ಒಳಗೆ ಮೇಸ್ತ್ರಿಗಳ ಮಕ್ಕಳು, ಗುಮಾಸ್ತರ ಮಕ್ಕಳು. ಗೆರೆಯ ಹೊರಗೆ ಕೇರಿಯ ಮಕ್ಕಳು.

ಹೊರಗಿದ್ದವರಿಗೂ ಒಂದು ಕೆಲಸ ಇತ್ತು. ಮೈದಾನದ ಪಕ್ಕದಲ್ಲೇ ಮನೆಸಾಲಿನ ಚರಂಡಿ. ಚೆಂಡು ದಿನಕ್ಕೆ ಹತ್ತು ಸಲ ಅದರೊಳಗೆ ಬೀಳುತ್ತಿತ್ತು. ಇಳಿದು ತೆಗೆಯುವವನು ಕಲ್ಲಪ್ಪ. ಆಗ ಅವನಿಗೆ ಹದಿನಾಲ್ಕು. ಮೊಣಕಾಲವರೆಗೆ ಕೊಚ್ಚೆ ಮಾಡಿಕೊಂಡು ಚೆಂಡು ತೆಗೆದು, ನಲ್ಲಿಯ ಹತ್ತಿರ ಹಿಡಿಯುತ್ತಿದ್ದ. ಬೇರೆ ಯಾರಾದರೂ ನಲ್ಲಿ ತಿರುಗಿಸಬೇಕು. ತೊಳೆದ ಮೇಲೆ ಚೆಂಡನ್ನು ಹುಲ್ಲಿನ ಮೇಲೆ ಉರುಳಿಸಿಬಿಡಬೇಕು.

ಒಂದು ಸಂಜೆ ಚರಂಡಿಯ ದಂಡೆಯಿಂದ ಉರುಳಿಸಲು ಬೇಜಾರಾಗಿ ಎಸೆದ. ಚೆಂಡು ಹೋಗಿ ಬಳೆಯೊಳಗೆ ಬಿತ್ತು. ಬಳೆಯ ಅಂಚನ್ನೂ ತಾಗಲಿಲ್ಲ.

ಮೇಷ್ಟ್ರು ನೋಡುತ್ತಿದ್ದರು. “ಇನ್ನೊಂದು ಸಲ ಹಾಕೋ” ಅಂದರು. ಹಾಕಿದ, ಬಿತ್ತು. ಆರು ಸಲ ಹಾಕಿಸಿದರು. ಐದು ಬಿದ್ದವು. ಯಜ್ಞನಾರಾಯಣರಿಗೆ ಆಟದ ಹುಚ್ಚು. ಆ ಹುಚ್ಚಿನಲ್ಲಿ ಅವರು ಹುಡುಗನ ಕೇರಿಯನ್ನು ಒಂದು ಗಳಿಗೆ ಮರೆತರು. “ನಾಳೆಯಿಂದ ಗೆರೆ ಒಳಗೆ ಬಾ” ಅಂದುಬಿಟ್ಟರು.

ಮಾರನೆಯ ದಿನವೇ ಮೇಸ್ತ್ರಿ ಭೈರಪ್ಪನವರು ಇನ್ನಿಬ್ಬರನ್ನು ಕಟ್ಟಿಕೊಂಡು ಮೇಷ್ಟ್ರ ಮನೆಗೆ ಬಂದರು. ಕಲ್ಲಪ್ಪ ಅಂಗಳದಾಚೆ ಬೇಲಿಯ ಹತ್ತಿರ ನಿಂತಿದ್ದ. ಎಲ್ಲ ಕೇಳಿಸಿತು. ಕೇಳಿಸಲಿ ಎಂದೇ ಅವರು ಮಾತಾಡಿದರು.

“ಆಟ ಬೇಡ ಅನ್ನಲ್ಲ ಮೇಷ್ಟ್ರೆ. ಅವನ ಕೈಯಿಂದ ನಮ್ಮ ಹುಡುಗ್ರು ಚೆಂಡು ಇಸ್ಕೊಂಡು, ಅದೇ ಕೈಯಲ್ಲಿ ಮನೇಲಿ ಅನ್ನ ಕಲಸೋದು ಹೆಂಗೆ?”

“ಚೆಂಡೇ ಚರ್ಮದ್ದು ಭೈರಪ್ಪನೋರೆ. ಅದನ್ನ ಹೊಲಿದೋನೇ ಇವನಪ್ಪ.”

ನಿಜವೇ. ಕಲ್ಲಪ್ಪನ ಅಪ್ಪ ಕಾರ್ಖಾನೆಯ ಯಂತ್ರಗಳ ಚರ್ಮದ ಬೆಲ್ಟು ಹೊಲಿಯುವವನು. ಚೆಂಡಿನ ಹೊಲಿಗೆ ಬಿಚ್ಚಿದಾಗಲೆಲ್ಲ ಅದು ಅವನ ಗುಡಿಸಲಿಗೇ ಬರುತ್ತಿತ್ತು. ಮೊಣಕಾಲ ನಡುವೆ ಇಟ್ಟುಕೊಂಡು, ದಬ್ಬಳ ಚುಚ್ಚಿ, ಹಲ್ಲಲ್ಲಿ ದಾರ ಎಳೆದು ಹೊಲಿಯುತ್ತಿದ್ದ. ಅವನ ಎಂಜಲು ದಾರಕ್ಕೆ ಮೆತ್ತಿಕೊಂಡೇ ಚೆಂಡು ಮೈದಾನಕ್ಕೆ ಹೋಗುತ್ತಿತ್ತು.

ಭೈರಪ್ಪನವರು ಯೋಚಿಸಲಿಲ್ಲ. “ಸತ್ತ ಚರ್ಮ ಬೇರೆ ಮೇಷ್ಟ್ರೆ, ಬದುಕಿರೋ ಕೈ ಬೇರೆ” ಅಂದರು.

ಮೇಷ್ಟ್ರಿಗೆ ಹುಡುಗ ಬೇಕಾಗಿದ್ದ. ಭೈರಪ್ಪನವರೂ ಬೇಕಾಗಿದ್ದರು. ಎರಡು ದಿನ ತಲೆ ಕೆರೆದುಕೊಂಡು ಉಪಾಯ ಹುಡುಕಿದರು. ಈ ಆಟದಲ್ಲಿ ಚೆಂಡನ್ನು ನೆಲಕ್ಕೆ ಪುಟಿಸಿ ಕೊಡುವ ಒಂದು ಬಗೆಯೇ ಇದೆ. ಕಲ್ಲ ಯಾವಾಗಲೂ ಹಾಗೇ ಕೊಡಲಿ. ಭೂಮಿತಾಯಿ ನಡುವೆ ಬಂದಳಲ್ಲ, ಇನ್ನೇನು. ಭೈರಪ್ಪನವರು ಮೀಸೆ ನೀವಿಕೊಂಡು ಒಪ್ಪಿದರು. ಹುಡುಗರು ಒಪ್ಪಿದರು.

ಕಲ್ಲಪ್ಪನೂ ಒಪ್ಪಿದ. ಒಪ್ಪಿದ್ದಷ್ಟೇ ಅಲ್ಲ, ಖುಷಿಪಟ್ಟ. ಓಡಿ ಬಂದು ಅವ್ವನಿಗೆ ಹೇಳಿದ. ಮುಂದೆ ಎಷ್ಟೋ ವರ್ಷ, ಬೇರೆಲ್ಲ ಅವಮಾನ ಮರೆತರೂ, ಆ ಸಂಜೆ ತಾನು ಓಡಿ ಬಂದದ್ದನ್ನು ನೆನೆದು ಅವನು ಒಬ್ಬನೇ ಇದ್ದಾಗಲೂ ಮುಖ ತಗ್ಗಿಸುತ್ತಿದ್ದ.

ತಮಾಷೆ ಏನೆಂದರೆ, ಎದುರು ತಂಡದವರು ಅವನ ಕೈಯಿಂದ ಚೆಂಡು ಕಿತ್ತುಕೊಳ್ಳಬಹುದಿತ್ತು. ಭುಜಕ್ಕೆ ಭುಜ ಗುದ್ದಬಹುದಿತ್ತು. ಅದಕ್ಕೆ ಮೈಲಿಗೆ ಇಲ್ಲ. ಜಗಳಕ್ಕೆ ಬಂದವನು ಮುಟ್ಟಬಹುದು, ಜೊತೆಗಾರ ಮುಟ್ಟಬಾರದು. ಇದನ್ನು ಯಾರೂ ಕೇಳಲಿಲ್ಲ. ಕಲ್ಲಪ್ಪನೂ ಕೇಳಲಿಲ್ಲ.

ಅವನು ಕೇಳುವುದರ ಬದಲು ಕಲಿತ. ಎಷ್ಟು ದೂರದಲ್ಲಿ ನೆಲಕ್ಕೆ ಹೊಡೆದರೆ ಚೆಂಡು ಜೊತೆಗಾರನ ಸೊಂಟದ ಮಟ್ಟಕ್ಕೆ ಏಳುತ್ತದೆ, ಎದುರಾಳಿಯ ಕಾಲ ಸಂದಿಯಲ್ಲಿ ಹೇಗೆ ನುಗ್ಗಿಸಬೇಕು, ಒಣ ನೆಲಕ್ಕೆ ಎಷ್ಟು ಬಲ, ಹಸಿ ನೆಲಕ್ಕೆ ಎಷ್ಟು. ಬೆರಳ ತುದಿ ಒಡೆದು ರಕ್ತ ಬರುವ ತನಕ ಗೋಡೆಯ ಬುಡಕ್ಕೆ ಹೊಡೆದ. ಮೂರನೆಯ ವರ್ಷಕ್ಕೆ ಶಿವಮೊಗ್ಗದ ಜನ ಅದನ್ನು ನೋಡಲೆಂದೇ ಬರತೊಡಗಿದರು. ಭದ್ರಾವತಿ ಪಾಸ್ ಎಂದು ಅದಕ್ಕೆ ಹೆಸರೂ ಬಿತ್ತು. ಜನ ಚಪ್ಪಾಳೆ ತಟ್ಟಿದರು. ಕಲ್ಲಪ್ಪ ಎದೆಯುಬ್ಬಿಸಿದ. ಯಾತಕ್ಕೆ ಚಪ್ಪಾಳೆ ತಟ್ಟುತ್ತಿದ್ದಾರೆ ಎಂಬುದು ಅವನಿಗೆ ಮರೆತೇ ಹೋಗಿತ್ತು.

ಮೂವತ್ತೊಂಬತ್ತರಲ್ಲಿ, ದಸರಾಕ್ಕೆ ಮೈಸೂರಿಗೆ ಹೋಗುವ ಜಿಲ್ಲೆಯ ತಂಡಕ್ಕೆ ಅವನ ಹೆಸರು ಬಂತು. ನಾಲ್ಕು ದಿನ ಪಟ್ಟಿಯಲ್ಲಿ ಇತ್ತು. ಐದನೆಯ ದಿನ ಮೇಷ್ಟ್ರು ಕರೆದು, ಅವನ ಮುಖ ನೋಡದೆ, “ಅಲ್ಲಿ ನಿನ್ನ ಊಟಕ್ಕೆ, ಮಲಗೋದಕ್ಕೆ ಎಲ್ಲಿ ಏರ್ಪಾಡು ಮಾಡೋದೋ ಕಲ್ಲ? ಜೊತೆ ಹುಡುಗರು ಒಪ್ತಾ ಇಲ್ಲ” ಅಂದರು.

“ಆಯ್ತು ಮೇಷ್ಟ್ರೆ” ಅಂದ ಕಲ್ಲಪ್ಪ. ಅವನ ಬದಲಿಗೆ ಹೋದ ಹುಡುಗನ ಟ್ರಂಕನ್ನು ಅವನೇ ತಲೆಯ ಮೇಲೆ ಹೊತ್ತು ರೈಲು ಸ್ಟೇಷನ್ನಿಗೆ ಮುಟ್ಟಿಸಿದ.

ಅಲ್ಲಿಂದ ಮುಂದೆ ಕುಲುಮೆಯ ಬಾಯಿ. ಕೆಂಪಗೆ ಹರಿದು ಬರುವ ಕಿಟ್ಟ ಆರುವ ಮುಂಚೆಯೇ ಅದನ್ನು ಹಾರೆಯಿಂದ ಒಡೆದು ಬಂಡಿಗೆ ತುಂಬುವ ಕೆಲಸ. ಕಾಲಿಗೆ ಗೋಣಿಚೀಲ ಸುತ್ತಿಕೊಳ್ಳಬೇಕು. ಆದರೂ ಸುಡುತ್ತದೆ. ಎರಡು ವರ್ಷಕ್ಕೆ ಅವನ ಅಂಗೈ ಚೆಂಡಿನ ಚರ್ಮಕ್ಕಿಂತ ಗಡುಸಾಯಿತು. ವಯಸ್ಸು ಹತ್ತೊಂಬತ್ತಾದ್ದರಿಂದ ಹುಡುಗರ ತಂಡದಲ್ಲಿ ಆಡುವಂತಿರಲಿಲ್ಲ. ಚಿಕ್ಕವರನ್ನು ತಯಾರು ಮಾಡಲು ಮೇಷ್ಟ್ರು ಕರೆಯುತ್ತಿದ್ದರು, ಹೋಗುತ್ತಿದ್ದ.

ಆ ಚಿಕ್ಕವರಲ್ಲಿ ಒಬ್ಬ ಚೌಡ.

ಚೌಡ ಕಲ್ಲಪ್ಪನ ಪಕ್ಕದ ಗುಡಿಸಲಿನ ಮಾಸ್ತಮ್ಮನ ಮಗ. ಮಾಸ್ತಮ್ಮ ಗಂಡ ಸತ್ತವಳು. ಕುಲುಮೆಗೆ ಇದ್ದಿಲು ಹೊರುವವಳು. ಬೆಳಗಿಂದ ಸಂಜೆಯವರೆಗೆ ಬುಟ್ಟಿ ಹೊತ್ತು ಏಣಿ ಹತ್ತಿ ಇಳಿದು, ಅವಳ ಕಣ್ಣಿನ ಬಿಳಿ ಬಿಟ್ಟರೆ ಉಳಿದದ್ದೆಲ್ಲ ಕಪ್ಪು. “ನಾನು ಬುಡ ಇರೋ ಬುಟ್ಟಿ ಹೊತ್ತು ಸಾಯ್ತೀನಿ. ನೀವು ಬುಡ ಇಲ್ಲದ ಬುಟ್ಟಿಗೆ ಚೆಂಡು ತುಂಬ್ರಿ ಮಾರಾಯ” ಎಂದು ಇಬ್ಬರನ್ನೂ ಛೇಡಿಸುತ್ತಿದ್ದಳು. ಮಗ ಇದ್ದಿಲ ಏಣಿ ಹತ್ತಬಾರದು ಎನ್ನುವುದೊಂದೇ ಅವಳ ಆಸೆ. ಹದಿನಾಲ್ಕು ತುಂಬಿದವರನ್ನು ಏಣಿಗೆ ಸೇರಿಸಿಕೊಳ್ಳುತ್ತಿದ್ದರು. ಚೌಡನಿಗೆ ದೀಪಾವಳಿಗೆ ಹದಿನಾಲ್ಕು ತುಂಬುತ್ತಿತ್ತು.

ಹುಡುಗ ಕಲ್ಲಪ್ಪನಿಗಿಂತ ಎತ್ತರ ಬೆಳೆಯುವ ಹಾಗಿದ್ದ. ಕೈ ಉದ್ದ, ಕಣ್ಣು ಚುರುಕು. ಅವನಿಗೊಂದು ಹುಟ್ಟುಗುಣ ಇತ್ತು. ಚೆಂಡನ್ನು ಎದೆಯಿಂದ ಚಿಮ್ಮಿದರೆ ಮೈದಾನದ ಈ ತುದಿಯಿಂದ ಆ ತುದಿಗೆ, ಕುಳಿತ ಹಕ್ಕಿ ಎದ್ದ ಹಾಗೆ, ನೇರವಾಗಿ ಹೋಗಿ ಇನ್ನೊಬ್ಬನ ಕೈಗೆ ಸೇರುತ್ತಿತ್ತು. ಕೇರಿಯ ಬಯಲಲ್ಲಿ ಹರಕು ಚೆಂಡಿನಲ್ಲಿ ಅವನು ಅದನ್ನು ಮೊದಲ ಸಲ ಮಾಡಿದಾಗ ಕಲ್ಲಪ್ಪನ ಮೈ ಜುಮ್ಮೆಂದಿತು. ಮರುಗಳಿಗೆಯೇ ಹೆದರಿಕೆ ಆಯಿತು.

ಯಾಕೆಂದರೆ ಮೇಷ್ಟ್ರು ಹೇಳಿದ್ದರು.

“ಈ ಸಲ ಎಲ್ಲ ಏರ್ಪಾಡಾಗಿದೆ ಕಲ್ಲ. ಆರಿಸೋಕೆ ಮೈಸೂರಿಂದ ಬರೋರು ಜಾತಿಗೀತಿ ನೋಡೋರಲ್ಲ. ಆರಿಸಿದ ಹುಡುಗ ಅಲ್ಲೇ ಹಾಸ್ಟೆಲಿನಲ್ಲಿದ್ದು ಓದಬಹುದು. ಊಟ, ಹಾಸಿಗೆ, ಸ್ಕೂಲು ಎಲ್ಲ ಅವರದೇ. ಆದ್ರೆ ಶಿವಮೊಗ್ಗದ ಮ್ಯಾಚಲ್ಲಿ ಅವರ ಮುಂದೆ ನಮ್ಮ ಹುಡುಗರೊಳಗೆ ಗಲಾಟೆ ಆಗಬಾರದು. ಕೃಷ್ಣಪ್ಪ ಕ್ಯಾಪ್ಟನ್. ಅವನಪ್ಪ ಗೊತ್ತಲ್ಲ ನಿನಗೆ. ಹುಡುಗನ್ನ ತಯಾರು ಮಾಡು. ನೀನು ಕಲಿತ ಹಾಗೇ ಕಲಿಸು.”

ಕೃಷ್ಣಪ್ಪ ಮೇಸ್ತ್ರಿ ಭೈರಪ್ಪನವರ ಕಿರಿಯ ಮಗ.

ಕಲ್ಲಪ್ಪ ಕಲಿಸಿದ. ಬೆಳಗಿನ ಸೈರನ್ನಿಗೆ ಮುಂಚೆ ಎಬ್ಬಿಸಿಕೊಂಡು ಹೋಗುತ್ತಿದ್ದ. ಕಾಲು ಹೇಗಿಡಬೇಕು, ಮೊಣಕಾಲು ಎಷ್ಟು ಬಗ್ಗಿಸಬೇಕು, ಬೆರಳು ಹೇಗೆ ಹರವಬೇಕು. ತನಗೆ ಯಾರೂ ಇಷ್ಟು ಪ್ರೀತಿಯಿಂದ ಹೇಳಿಕೊಟ್ಟಿರಲಿಲ್ಲ. ಆದರೆ ಹುಡುಗ ಚೆಂಡನ್ನು ನೇರ ಚಿಮ್ಮಿದಾಗಲೆಲ್ಲ ಲಂಟಾನದ ಬರಲಿನಿಂದ ಕೈಮೇಲೆ ಬಾರಿಸುತ್ತಿದ್ದ.

“ನೆಲ ತಾಗಿಸಿ ಕೊಡು.”

“ನೇರ ಕೊಟ್ರೆ ಬೇಗ ಮುಟ್ತದಲ್ಲಣ್ಣ.”

“ತಾಗಿಸಿ ಕೊಡು ಅಂದೆ.”

ನೂರು ಸಲ. ಇನ್ನೂರು ಸಲ. ಕೈಮೇಲೆ ಕೆಂಪಗೆ ಬಾಸುಂಡೆ ಎದ್ದವು. ನಾಲ್ಕನೆಯ ದಿನ ಚೌಡ ಚೆಂಡು ಹಿಡಿದುಕೊಂಡು ನಿಂತುಬಿಟ್ಟ. “ಯಾಕಣ್ಣ? ಉಳಿದೋರು ನೇರ ಕೊಡ್ತಾರೆ. ನಾನ್ಯಾಕೆ ತಾಗಿಸಬೇಕು?”

ಕಲ್ಲಪ್ಪ ನಿಜ ಹೇಳಬಹುದಿತ್ತು. ಹುಡುಗ ಕೇರಿಯಲ್ಲಿ ಹುಟ್ಟಿದವನು. ಯಾವ ಬಾವಿ ಯಾರದು ಎಂದು ಗೊತ್ತಿದ್ದವನು. ನಿಜ ಹೇಳಿದರೆ ಸಿಟ್ಟು ಬಂದು ಆಟ ಬಿಟ್ಟುಬಿಡುತ್ತಾನೆ, ಬಿಟ್ಟರೆ ಏಣಿ ಹತ್ತುತ್ತಾನೆ ಎಂದು ಕಲ್ಲಪ್ಪ ತನಗೇ ಹೇಳಿಕೊಂಡ. ಅದು ಅರ್ಧ ಕಾರಣ. ಇನ್ನರ್ಧ ಬೇರೆ. ಐದು ವರ್ಷ ತಾನು ಅದನ್ನು ಹೊತ್ತೆ ಎಂದು ಈ ಹುಡುಗನ ಮುಂದೆ ಬಾಯಿಬಿಟ್ಟು ಹೇಳಲು ಅವನಿಗೆ ನಾಚಿಕೆ. ಭದ್ರಾವತಿ ಪಾಸ್ ಎಂದು ಚಪ್ಪಾಳೆ ಗಿಟ್ಟಿಸಿದವನು ಅದು ಮೈಲಿಗೆ ಕಳೆಯುವ ಉಪಾಯ ಎಂದು ಹೇಗೆ ಹೇಳಿಯಾನು?

“ನೀನು ಗಾರ್ಡ್ ಕಣೋ, ಹಿಂದೆ ನಿಂತು ಕಾಯೋನು. ಗಾರ್ಡಿಗೆ ಅದೇ ರೂಲು” ಅಂದ. “ನಾನೂ ಗಾರ್ಡೇ ಆಗಿದ್ದೆ. ಆಟದ ರೂಲು.”

ಚೌಡ ನಂಬಿದ. ಎಲ್ಲ ಕಡೆ ಬೇರೆ ಕಾರಣ ಇರುವಾಗ ಇಲ್ಲೊಂದು ಕಡೆ ಬರೀ ಆಟದ ರೂಲು ಇದೆ ಎನ್ನುವುದು ಅವನಿಗೆ ಇಷ್ಟವೂ ಆಗಿರಬೇಕು. ಹೇಳಿದವನು ಕಲ್ಲಣ್ಣ, ಇನ್ನೇನು ಅನುಮಾನ. ಹುಡುಗನಿಗೆ ಹೇಳಬೇಡಿ, ನೊಂದುಕೊಳ್ತಾನೆ ಎಂದು ಮೇಷ್ಟ್ರು ತಂಡದವರಿಗೂ ತಾಕೀತು ಮಾಡಿದರು. ಅವರು ಬಾಯಿ ಮುಚ್ಚಿಕೊಂಡು ಒಳಗೊಳಗೇ ನಕ್ಕರು.

ಆ ರಾತ್ರಿ ಊಟದ ಹೊತ್ತಿಗೆ ಮಾಸ್ತಮ್ಮ ಮಗನ ಕೈಗೆ ಹರಳೆಣ್ಣೆ ಹಚ್ಚುತ್ತಾ ಕೂತಿದ್ದಳು. ಕಲ್ಲಪ್ಪ ಬಂದಾಗ ತಲೆಯೆತ್ತಿ, “ಗಾರ್ಡಿನ ರೂಲು ಅಂತಲ್ಲ ಮಗಾ. ಎಲ್ಲ ಊರಲ್ಲೂ ಹಂಗೇನಾ?” ಎಂದು ಕೇಳಿದಳು.

“ಎಲ್ಲ ಊರಲ್ಲೂ ಹಂಗೇ ಚಿಕ್ಕವ್ವ.”

ಮಾಸ್ತಮ್ಮ ಅವನನ್ನೇ ಸ್ವಲ್ಪ ಹೊತ್ತು ನೋಡಿದಳು. ಹುಡುಗನ ಇನ್ನೊಂದು ಕೈ ತೆಗೆದುಕೊಂಡು ಎಣ್ಣೆ ತಿಕ್ಕಿದಳು. ಬಯ್ದಿದ್ದರೆ ಚೆನ್ನಾಗಿತ್ತು ಎಂದು ಕಲ್ಲಪ್ಪನಿಗೆ ಅನ್ನಿಸಿತು.

ಮ್ಯಾಚಿನ ಹಿಂದಿನ ದಿನ ಶಿವಮೊಗ್ಗದಲ್ಲಿ ಮಳೆ ಹೊಡೆಯಿತು. ಬೆಳಿಗ್ಗೆ ರೈಲಿಳಿದು ಮೈದಾನಕ್ಕೆ ಹೋದಾಗ ನೆಲ ಕೆಸರಾಗಿತ್ತು. ಮರದ ಹೊಟ್ಟು ಚೆಲ್ಲಿದ್ದರು. ಅದೂ ನೆನೆದು ಮುದ್ದೆಯಾಗಿತ್ತು. ಸುತ್ತ ಮುನ್ನೂರು ಜನ. ಮೇಜಿನ ಹಿಂದೆ ಮೈಸೂರಿನಿಂದ ಬಂದವರು, ಬಿಳಿ ಪ್ಯಾಂಟು, ಕೈಯಲ್ಲೊಂದು ಪುಸ್ತಕ. ಮೈದಾನದ ಅಂಚಿಗೆ ಇಲ್ಲೂ ಒಂದು ಚರಂಡಿ. ಕಲ್ಲಪ್ಪನನ್ನು ಅದರ ಪಕ್ಕ ನಿಲ್ಲಿಸಿದರು. ಹೆಗಲಲ್ಲಿ ಮಾಸ್ತಮ್ಮ ಕಟ್ಟಿಕೊಟ್ಟ ರೊಟ್ಟಿ ಗಂಟು.

ಆಟ ಶುರುವಾದ ಸ್ವಲ್ಪ ಹೊತ್ತಿಗೇ ಕಲ್ಲಪ್ಪನಿಗೆ ಗೊತ್ತಾಯಿತು. ಕೆಸರಿನಲ್ಲಿ ಚೆಂಡು ಪುಟಿಯುವುದಿಲ್ಲ. ಚೌಡ ನೆಲಕ್ಕೆ ಹೊಡೆದ. ಚೆಂಡು ಪಚಕ್ಕೆಂದು ಅಲ್ಲೇ ಕೂತಿತು. ಶಿವಮೊಗ್ಗದವನು ಬಗ್ಗಿ ಎತ್ತಿಕೊಂಡು ಹೋದ. ಎರಡನೆಯ ಸಲ ಹಾಗೇ. ಮೂರನೆಯ ಸಲ ಜನ ನಕ್ಕರು. “ಏನ್ ಮಾರಾಯ, ಸಸಿ ನೆಡ್ತಿದೀಯಾ?” ಎಂದು ಯಾರೋ ಕೂಗಿದರು.

ಚೌಡ ಮುಖ ಒರೆಸಿಕೊಂಡ. ಆಗ ಎದುರು ತಂಡದ ಗಾರ್ಡ್ ಚೆಂಡನ್ನು ಎದೆಯಿಂದ ನೇರ ಚಿಮ್ಮಿದ. ಅವರವನು ಹಿಡಿದು ಬಳೆಗೆ ಹಾಕಿದ. ಚೌಡ ರೆಫ್ರಿಯ ಕಡೆ ನೋಡಿದ. ರೆಫ್ರಿ ಸೀಟಿ ಊದಲಿಲ್ಲ. ಇನ್ನೊಮ್ಮೆ ಹಾಗೇ ಆಯಿತು. ಸೀಟಿ ಇಲ್ಲ. ಚೌಡ ಓಡುತ್ತಿದ್ದವನು ನಿಂತು, ತಿರುಗಿ ಕಲ್ಲಪ್ಪನ ಕಡೆ ನೋಡಿದ.

ಕಲ್ಲಪ್ಪ ನೆಲ ನೋಡಿದ.

ಇನ್ನೆರಡು ನಿಮಿಷ ಇತ್ತು. ಶಿವಮೊಗ್ಗ ಹದಿನಾರು, ಭದ್ರಾವತಿ ಹದಿನೈದು. ಚೆಂಡು ಚೌಡನ ಕೈಗೆ ಬಂತು. ಆ ತುದಿಯಲ್ಲಿ, ಬಳೆಯ ಕೆಳಗೆ, ಕೃಷ್ಣಪ್ಪ ಒಬ್ಬನೇ. ಅವನ ಸುತ್ತ ಯಾರೂ ಇಲ್ಲ. “ಕೊಡೋ” ಎಂದು ಕೂಗಿದ. ಚೌಡ ಕೊಟ್ಟ. ಎದೆಯಿಂದ, ನೇರವಾಗಿ. ಇಪ್ಪತ್ತು ದಿನ ಬರಲೇಟು ತಿಂದರೂ ಕೈ ನೇರ ಚಿಮ್ಮುವುದನ್ನು ಮರೆತಿರಲಿಲ್ಲ. ಚೆಂಡು ಎಲ್ಲರ ತಲೆಯ ಮೇಲೆ ಹಾದು ಸರಿಯಾಗಿ ಕೃಷ್ಣಪ್ಪನ ಕೈಯ ಹತ್ತಿರ ಬಂತು. ಮೈಸೂರಿನವರು ಕುರ್ಚಿಯಿಂದ ಅರ್ಧ ಎದ್ದರು.

ಕೃಷ್ಣಪ್ಪನ ಕೈಗಳು ಮೇಲೆ ಬಂದವು. ಆಮೇಲೆ ಹಿಂದಕ್ಕೆ ಹೋದವು.

ಚೆಂಡು ಅವನ ಎದೆಗೆ ಬಡಿದು, ಬಿಳಿ ಅಂಗಿಯ ಮೇಲೆ ಕೆಸರಿನ ದೊಡ್ಡ ಗುರುತು ಮಾಡಿ, ಗೆರೆ ದಾಟಿ ಉರುಳಿ ಚರಂಡಿಗೆ ಬಿತ್ತು. ರೆಫ್ರಿ ಸೀಟಿ ಊದಿದ.

“ನೆಲ ತಾಗಿಸಿ ಕೊಡು ಅಂತ ಹೇಳಿಲ್ವೇನೋ ನಿನಗೆ?” ಕೃಷ್ಣಪ್ಪ ಅಂಗಿಯನ್ನು ಮೈಯಿಂದ ದೂರ ಎಳೆದು ಹಿಡಿದುಕೊಂಡಿದ್ದ.

“ಅವರ ಗಾರ್ಡು ನೇರ ಕೊಟ್ಟ. ಸೀಟಿ ಊದಲಿಲ್ಲ” ಅಂದ ಚೌಡ.

“ಅವರ ಗಾರ್ಡು ನಿಮ್ಮ ಕೇರಿಯೋನಾ?”

ಜನ ಸುಮ್ಮನಾದರು. ಚೌಡ ಕೃಷ್ಣಪ್ಪನನ್ನು ಬಿಟ್ಟು, ಮೇಷ್ಟ್ರನ್ನು ಬಿಟ್ಟು, ಚರಂಡಿಯ ಪಕ್ಕ ನಿಂತವನ ಕಡೆ ತಿರುಗಿದ. “ಕಲ್ಲಣ್ಣ, ಆಟದ ರೂಲು ಅಂದಿದ್ದೆ ನೀನು.”

ಜೋರಾಗಿ ಅನ್ನಲಿಲ್ಲ. ಆದರೂ ಮುನ್ನೂರು ಜನಕ್ಕೂ ಕೇಳಿಸಿತು. ಕಾದ ಕಿಟ್ಟ ಕಾಲಿನ ಮೇಲೆ ಬಿದ್ದಾಗಲೂ ಕಲ್ಲಪ್ಪನಿಗೆ ಹಾಗೆ ಸುಟ್ಟಿರಲಿಲ್ಲ.

“ಯಾವ ರೂಲು?” ಎಂದು ಮೈಸೂರಿನವರು ಕೇಳಿದರು.

“ಏನಿಲ್ಲ ಸಾರ್, ಹೊಸ ಹುಡುಗ” ಎಂದು ಮೇಷ್ಟ್ರು ನಕ್ಕರು. ನಗುತ್ತಲೇ ಚರಂಡಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಅಂದರು: “ಕಲ್ಲ, ಚೆಂಡು ತೆಗೆದು ತೊಳಿ. ಹುಡುಗನಿಗೆ ಬುದ್ಧಿ ಹೇಳು. ಕೃಷ್ಣಪ್ಪನ ಹತ್ರ ತಪ್ಪಾಯ್ತು ಅನ್ನಲಿ, ಆಟ ಮುಗಿಸಲಿ. ಆ ಪಾಸು ನೋಡಿ ಅವರಿಗೆ ಮೆಚ್ಚಿಗೆ ಆಗಿದೆ ಕಣೋ. ಮೈಸೂರು ಇನ್ನೂ ಕೈ ತಪ್ಪಿಲ್ಲ.”

ಕಲ್ಲಪ್ಪ ಚರಂಡಿಗೆ ಇಳಿದ. ಚೆಂಡು ತೆಗೆದ. ನಿಂತ ಮಳೆನೀರಿನಲ್ಲಿ ತೊಳೆದ. ಚೆಂಡು ಭದ್ರಾವತಿಯಿಂದ ತಂದದ್ದೇ, ಅಪ್ಪನ ಹೊಲಿಗೆ ಬೆರಳಿಗೆ ಸಿಕ್ಕಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ಹೇಗೆ ತೊಳೆಯುತ್ತಿದ್ದನೋ ಹಾಗೇ ತೊಳೆದ. ಮೇಲೆ ಬಂದು ಚೌಡನ ಮುಂದೆ ನಿಂತ.

ಹೇಳಬಾರದಾಗಿತ್ತು. ಹೇಳಿದ.

“ತಪ್ಪಾಯ್ತು ಅಂದುಬಿಡು ಮಗ. ಒಂದು ಸಲ. ಮೈಸೂರಿಗೆ ಹೋಗ್ತೀಯ.”

ಚೌಡ ಅವನ ಮುಖ ನೋಡಿದ. ಕಣ್ಣಲ್ಲಿ ನೀರಿರಲಿಲ್ಲ. “ನೀನೂ ಒಂದು ಸಲ ಅಂತಲೇ ಅಂದ್ಯಾ ಕಲ್ಲಣ್ಣ?” ಎಂದು ಕೇಳಿದ. ಉತ್ತರಕ್ಕೆ ಕಾಯಲಿಲ್ಲ. ಸುಣ್ಣದ ಗೆರೆ ದಾಟಿ, ಜನರ ನಡುವೆ ದಾರಿ ಮಾಡಿಕೊಂಡು ಹೊರಟ. ಮೈಸೂರಿನವರು ಪುಸ್ತಕ ಮುಚ್ಚಿದರು.

ಮೈದಾನದ ನಡುವೆ ಕಲ್ಲಪ್ಪ ಒಬ್ಬನೇ ಚೆಂಡು ಹಿಡಿದು ನಿಂತಿದ್ದ. ಹತ್ತು ಹೆಜ್ಜೆ ದೂರದಲ್ಲಿ ಯಜ್ಞನಾರಾಯಣ ಮೇಷ್ಟ್ರು. ಐದು ವರ್ಷ ಆಟ ಕಲಿಸಿದವರು. ಅವನಿಗೆ ಜ್ವರ ಬಂದಾಗ ಕೇರಿಯ ಬಾಯಿಯವರೆಗೆ ಬಂದು ಮಾತ್ರೆ ಕೊಟ್ಟು ಹೋದವರು. ಮಾತ್ರೆಯನ್ನು ಕಲ್ಲಿನ ಮೇಲೆ ಇಟ್ಟು ಹೋಗಿದ್ದರು. ಅದು ಅವನಿಗೆ ಈಗ ನೆನಪಾಯಿತು.

“ಮೇಷ್ಟ್ರೆ, ಹಿಡೀರಿ” ಅಂದ.

ಎದೆಯಿಂದ ನೇರ ಚಿಮ್ಮಿದ. ತನ್ನ ಜೀವಮಾನದಲ್ಲಿ ಜೊತೆಯವರಿಗೆ ಎಸೆದ ಮೊದಲ ನೇರ ಪಾಸು ಅದು. ಜೋರಾಗಿ ಎಸೆಯಲಿಲ್ಲ. ಮಗುವೂ ಹಿಡಿಯುವ ಹಾಗೆ ಎಸೆದ. ಅವರು ಹಿಡಿಯಲಿ ಎಂದೇ ಅವನ ಆಸೆ ಇತ್ತು. ಹಿಡಿದಿದ್ದರೆ ಉಳಿದದ್ದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡುಬಿಡುತ್ತಿದ್ದ, ಅಷ್ಟು ಅಗ್ಗದವನಾಗಿದ್ದ ಅವನು.

ಮೇಷ್ಟ್ರ ಕೈಗಳು ತುಸು ಎದ್ದವು. ಕಣ್ಣು ಒಮ್ಮೆ ಜನರ ಕಡೆ ಹೋಯಿತು. ಅವರು ಪಕ್ಕಕ್ಕೆ ಸರಿದರು. ಚೆಂಡು ಅವರ ಖಾದಿ ಅಂಗಿಯ ಪಕ್ಕದಲ್ಲೇ ಹಾದು ಮತ್ತೆ ಚರಂಡಿಗೆ ಬಿತ್ತು.

ಮೇಷ್ಟ್ರ ಮುಖ ಬಿಳಿಚಿಕೊಂಡಿತ್ತು. ಅವರಿಗೂ ನಾಚಿಕೆ ಆಗಿತ್ತು, ಕಂಡಿತು. ಆದರೆ ಅವರ ನಾಚಿಕೆ ಹೊರುವ ಕೆಲಸ ಕಲ್ಲಪ್ಪನದಲ್ಲ.

“ಲೇ ಕಲ್ಲ, ಚೆಂಡು ತಗೊಂಡು ಬಾರೋ” ಎಂದ ಕೃಷ್ಣಪ್ಪ.

“ತರಲ್ಲ” ಅಂದ ಕಲ್ಲಪ್ಪ. “ಇಳಿದು ತಗೊಳ್ರಿ ಕೃಷ್ಣಪ್ಪನೋರೆ. ಚರಂಡಿಗೇನು ಮೈಲಿಗೆ ಇಲ್ಲ.”

ಹೊರಟ. ಹಿಂದೆ ಯಾರಾದರೂ ಇಳಿದರೋ ಇಲ್ಲವೋ ತಿರುಗಿ ನೋಡಲಿಲ್ಲ.

ರೈಲಿನ ಟಿಕೀಟು ಮೇಷ್ಟ್ರ ಹತ್ತಿರ ಇತ್ತು. ಚೌಡ ಆಗಲೇ ಭದ್ರಾವತಿಯ ರಸ್ತೆ ಹಿಡಿದಿದ್ದ. ಹನ್ನೊಂದು ಮೈಲಿ. ಕಲ್ಲಪ್ಪ ಓಡಿ ಹೋಗಿ ಹತ್ತಿರವಾದ. ಹತ್ತು ಹೆಜ್ಜೆ ಅಂತರ ಉಳಿದಾಗ ಹುಡುಗ ಬೇಗ ನಡೆದ. ಇವನು ಬೇಗ ನಡೆದರೆ ಅವನೂ. ಇವನು ನಿಧಾನ ಮಾಡಿದರೆ ಅವನೂ. ಆ ಹತ್ತು ಹೆಜ್ಜೆ ಕಡಿಮೆಯಾಗಲೇ ಇಲ್ಲ. ತಾನು ಮೇಷ್ಟ್ರ ಎದುರು ಎಸೆದದ್ದನ್ನು, ತರಲ್ಲ ಅಂದದ್ದನ್ನು ಹುಡುಗ ನೋಡಿರಲಿಲ್ಲ. ಹೇಳಬೇಕೆಂದು ಕಲ್ಲಪ್ಪನ ಬಾಯಿಗೆ ಬಂತು. ಹೇಳಲು ಮನಸ್ಸಾಗಲಿಲ್ಲ. ಐದು ವರ್ಷ ತಡವಾಗಿ ಎಸೆದ ಚೆಂಡನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಮಾಚೇನಹಳ್ಳಿಯ ಹತ್ತಿರ ಬಿಸಿಲು ನೆತ್ತಿಯಿಂದ ಇಳಿದಿತ್ತು. ಚೌಡ ರಸ್ತೆಬದಿಯ ಆಲದ ಬೇರಿನ ಮೇಲೆ ಕೂತ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಕಲ್ಲಪ್ಪ ದೂರದಲ್ಲೇ ನಿಂತ.

“ಚೌಡ. ಅದು ಆಟದ ರೂಲಲ್ಲ.”

ಹುಡುಗ ರಸ್ತೆ ನೋಡುತ್ತಿದ್ದ.

“ನಾನು ಸುಳ್ಳು ಹೇಳ್ದೆ. ನಿಮ್ಮವ್ವನಿಗೂ ಸುಳ್ಳು ಹೇಳ್ದೆ. ನನಗೆ ಹೇಳೋಕೆ ನಾಚಿಕೆ ಆಯ್ತು.”

ಕಲ್ಲಪ್ಪ ಗಂಟು ಬಿಚ್ಚಿದ. ನಾಲ್ಕು ರಾಗಿ ರೊಟ್ಟಿ, ನಡುವೆ ಹುಚ್ಚೆಳ್ಳು ಚಟ್ನಿ. ರೊಟ್ಟಿಯ ಅಂಚಿನಲ್ಲಿ ಮಾಸ್ತಮ್ಮನ ಬೆರಳಿನ ಕಪ್ಪು ಮಸಿ ಅಂಟಿತ್ತು. ಎಷ್ಟು ತೊಳೆದರೂ ಹೋಗದ ಇದ್ದಿಲು. ದೀಪಾವಳಿ ಆದ ಮೇಲೆ ಈ ಹುಡುಗನ ಬೆರಳಿಗೂ ಅದೇ ಹತ್ತುತ್ತದೆ. ಎರಡು ರೊಟ್ಟಿ ತೆಗೆದು, ಹತ್ತು ಹೆಜ್ಜೆ ನಡೆದು ಹೋಗಿ, ಕೈ ಚಾಚಿದ.

“ತಗೋ. ತಿನ್ನು.”

ಚೌಡ ಚಾಚಿದ ಕೈ ನೋಡಿದ. ತನ್ನ ಕೈಮೇಲಿನ ಬಾಸುಂಡೆ ನೋಡಿಕೊಂಡ.

“ನೆಲಕ್ಕಿಡು” ಅಂದ. “ನೆಲ ತಾಗಿದ ಮೇಲೆ ತಗಂತೀನಿ.”

ಕಲ್ಲಪ್ಪ ಇಡಲಿಲ್ಲ. ರಸ್ತೆಯಲ್ಲಿ ಒಂದು ಇದ್ದಿಲ ಗಾಡಿ ಹಾದುಹೋಯಿತು. ಇನ್ನೊಂದು ಹಾದುಹೋಯಿತು. ಕುಲುಮೆಯಲ್ಲಿ ಹಾರೆ ಎತ್ತುವ ತೋಳಿಗೆ ಎರಡು ರೊಟ್ಟಿ ಭಾರವಾಯಿತು. ಹುಡುಗ ತೆಗೆದುಕೊಳ್ಳುವ ಹಾಗೆ ಕಾಣಲಿಲ್ಲ. ಆದರೂ ಕಲ್ಲಪ್ಪ ಕೈಯನ್ನು ಕೆಳಗಿಳಿಸಲಿಲ್ಲ. ಐದು ವರ್ಷ ನೆಲ ತಾಗಿಸಿದ್ದು ಸಾಕಾಗಿತ್ತು.